ಸಿಕ್ಕಿಕೊಂಡ ತೋಟಾ ಎಲ್ಲಿದೆ?

ಆಗಸ್ಟ್ ಕೊನೆಯ ವಾರ ಬಂತೆಂದರೆ ಹೊರನಾಡಿನಲ್ಲಿರುವ ಕೊಡಗಿನವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡೇ ಮಾತು. ಒಂದು, ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ ಊರಿಗೆ ಹೋಗುವವರು ಯಾರು, ಕಡಂಬುಟ್ಟು-ಪಂದಿಕರಿಗೆ ಕಾದು ಕೂತವರು ಯಾರು. ಇನ್ನೊಂದು, ಕೋವಿ ವಿನಾಯಿತಿ. ಎರಡನೆಯದ್ದು ಶುರುವಾದರೆ ಮೊದಲನೆಯದ್ದು ಮರೆತೇಹೋಗುತ್ತದೆ. ಪುಣೆ, ದುಬೈ, ಟೊರೊಂಟೊ ಎಲ್ಲೆಡೆಯಿಂದ ಸಂದೇಶಗಳ ಮಳೆ: ಕೋವಿ ನಮ್ಮ ಹಕ್ಕು, ಕೋವಿ ನಮ್ಮ ಗುರುತು, ಮುಟ್ಟಿದರೆ ಸುಮ್ಮನಿರುವುದಿಲ್ಲ.

ಹಕ್ಕಿನ ಬಗ್ಗೆ ನನಗೆ ತಕರಾರಿಲ್ಲ. ಬೇರೆ ಜಿಲ್ಲೆಯ ಓದುಗರಿಗಾಗಿ ಹಿನ್ನೆಲೆ ಇಷ್ಟು: 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡಗಿನವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 1963ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದನ್ನು ಮುಂದುವರಿಸಿತು. 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಣೆಯಾಯಿತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಈಗಿನ ಅವಧಿ 2029ರ ಅಕ್ಟೋಬರ್‌ಗೆ ಮುಗಿಯುತ್ತದೆ. ಮತ್ತೆ ಅರ್ಜಿ, ಮತ್ತೆ ವಾದ, ಮತ್ತೆ ವಾಟ್ಸ್‌ಆ್ಯಪ್.

ನನ್ನ ತಕರಾರು ಬೇರೆ. ಹಕ್ಕಿಗಾಗಿ ಇಷ್ಟು ಬರೆಯುವ ನಮ್ಮ ತಲೆಮಾರಿನಲ್ಲಿ ಮನೆಯ ಕೋವಿ ಖಾಲಿ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಬಲ್ಲವರು ಎಷ್ಟು ಜನ? ಜೋಡಿ ನಳಿಗೆಯ ಕೋವಿಯಾದರೆ ಸರಿ, ಮಡಚಿ ನೋಡಿದರೆ ಎರಡು ನಳಿಗೆಯಲ್ಲೂ ಆಚೆಯ ಬೆಳಕು ಕಾಣುತ್ತದೆ. ಚಿಕ್ಕ ಮಗುವಿಗೂ ಅರ್ಥವಾಗುವ ಯಂತ್ರ ಅದು. ಆದರೆ ಕೆಲವು ತೋಟದ ಮನೆಗಳಲ್ಲಿ ಅಜ್ಜಂದಿರ ಕಾಲದ ಸೆಮಿ-ಆಟೊಮ್ಯಾಟಿಕ್ ಕೋವಿಗಳೂ ಇವೆ. ಅವು ತಮ್ಮೊಳಗೆ ಏನಿದೆ ಎಂಬುದನ್ನು ಅಷ್ಟು ಸುಲಭವಾಗಿ ತೋರಿಸುವುದಿಲ್ಲ. (ಅವುಗಳಿಗೆ ಯಾವ ಕಾಗದ ಬೇಕು, ಯಾರ ಹೆಸರಿನಲ್ಲಿರಬೇಕು ಎಂಬುದನ್ನು ಜಿಲ್ಲಾಧಿಕಾರಿ ಕಚೇರಿಯಲ್ಲೇ ಕೇಳಿಕೊಳ್ಳಿ, ವಾಟ್ಸ್‌ಆ್ಯಪ್‌ನಲ್ಲಿ ಬೇಡ.)

ಕಳೆದ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆಯಿಂದ ಮಾವನ ಫೋನು. "ಕೋವಿ ಎರಡನೆಯದ್ದನ್ನು ಎತ್ತುತ್ತಾ ಇಲ್ಲ ಮಾರಾಯ. ಒಂದು ಹೊಡೆದರೆ ಅಲ್ಲೇ ನಿಂತುಬಿಡ್ತದೆ. ಹಳತಾಯ್ತು ಅಂತ ಕಾಣ್ತದೆ, ಮಾರಿಬಿಡುವಾ ಅಂತ." ಪಕ್ಕದ ಮನೆಯವರೊಬ್ಬರು ಅರ ತಂದು ಒಳಗಿನ ಕೊಕ್ಕೆಯನ್ನು ಸ್ವಲ್ಪ ಉಜ್ಜಿದರೆ ಸರಿಹೋಗುತ್ತದೆ ಎಂದು ಸಲಹೆಯನ್ನೂ ಕೊಟ್ಟಿದ್ದರಂತೆ.

"ಮಾವ, ಈಗ ಅದರಲ್ಲಿ ತೋಟಾ ಇದೆಯಾ?" ಎಂದೆ.

"ಇಲ್ಲ ಅಂತ ಕಾಣ್ತದೆ."

ಈ ‘ಅಂತ ಕಾಣ್ತದೆ’ ಎಂಬ ಮಾತೇ ನನ್ನನ್ನು ಈ ಲೇಖನ ಬರೆಯಲು ಹಚ್ಚಿದ್ದು. ಸೆಮಿ-ಆಟೊಮ್ಯಾಟಿಕ್ ಕೋವಿ ತೋಟಾ ಎತ್ತುತ್ತಿಲ್ಲ ಎಂದರೆ ಅದು ಬರೀ ಕಿರಿಕಿರಿಯಲ್ಲ. ಒಂದು ಜೀವಂತ ತೋಟಾ ಯಂತ್ರದೊಳಗೆ ಎಲ್ಲೋ ಇದೆ, ಎಲ್ಲಿ ಎಂದು ನಮಗೆ ಗೊತ್ತಿಲ್ಲ ಎಂದೇ ಅರ್ಥ. ರಿಪೇರಿಯ ಮಾತು ಆಮೇಲೆ.

ಅದು ಇರಬಹುದಾದ ಜಾಗಗಳು ಮೂರು: ಚೇಂಬರ್, ಅಂದರೆ ನಳಿಗೆಯ ಹಿಂತುದಿ, ಅದರ ಕೆಳಗೆ ತೋಟಾವನ್ನು ಮೇಲಕ್ಕೆತ್ತುವ ಲಿಫ್ಟರ್ ತಟ್ಟೆ, ನಳಿಗೆಗೆ ಸಮಾನಾಂತರವಾಗಿ ಅಡಿಯಲ್ಲಿ ಹೋಗುವ ಮ್ಯಾಗಜಿನ್ ಕೊಳವೆ. ಬೋಲ್ಟ್ ಎಳೆದಾಗ ಒಂದು ತೋಟಾ ಹೊರಗೆ ಬಿದ್ದರೆ ‘ಖಾಲಿಯಾಯಿತು’ ಎಂದುಕೊಳ್ಳುವುದು ಜೋಡಿ ನಳಿಗೆಯ ಅಭ್ಯಾಸ. ಇಲ್ಲಿ ಅಡಿಯಲ್ಲಿ ಇನ್ನೂ ಮೂರೋ ನಾಲ್ಕೋ ಇರಬಹುದು, ಬೋಲ್ಟ್ ಮುಚ್ಚಿದ ಕೂಡಲೇ ಮುಂದಿನದು ಏರಿ ಕೂರಬಹುದು. ಹಾಗಾಗಿ ಕೋವಿಯ ಮೂತಿಯನ್ನು ಬರೆಯ ಕಡೆಗೋ ತೆರೆದ ನೆಲದ ಕಡೆಗೋ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ದೂರವಿಟ್ಟು, ಮ್ಯಾಗಜಿನ್ ಮೊದಲು ಖಾಲಿ ಮಾಡಿ, ಬೋಲ್ಟ್ ತೆರೆದಿಟ್ಟು, ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಕತ್ತಲೆಯ ಕೋಣೆಯಲ್ಲಿ ಕಣ್ಣು ಸುಳ್ಳು ಹೇಳುತ್ತದೆ, ಬೆರಳು ಹೇಳುವುದಿಲ್ಲ. ಮಾವನಿಗೆ ಫೋನಿನಲ್ಲೇ ಇದನ್ನೆಲ್ಲ ಮಾಡಿಸಿದೆ. ಅವರು "ಖಾಲಿ" ಎಂದ ಮೇಲೆಯೇ ಮುಂದಿನ ಮಾತು.

ಮುಂದಿನ ಪ್ರಶ್ನೆ: ಹೊಡೆದ ಮೇಲೆ ಖಾಲಿ ಸಿಪ್ಪೆ ಹೊರಗೆ ಹಾರುತ್ತದೆಯೋ, ಇಲ್ಲ ಒಳಗೇ ಉಳಿಯುತ್ತದೆಯೋ? ಸಿಪ್ಪೆ ಹೋಗಿ ಹೊಸದು ಬರದಿದ್ದರೆ ಅನುಮಾನ ಮ್ಯಾಗಜಿನ್ ಮೇಲೆ: ಸ್ಪ್ರಿಂಗ್ ಸೋತಿರಬಹುದು, ಕೊಳವೆ ಎಲ್ಲೋ ಬಡಿದು ತಗ್ಗಾಗಿರಬಹುದು, ತೋಟಾವನ್ನು ತಡೆದು ಒಂದೊಂದೇ ಬಿಡುವ ಕೊಕ್ಕೆಯ ಬಳಿ ಕಸ ಕೂತಿರಬಹುದು. ಒಂದರ ಬದಲು ಎರಡು ತೋಟಾ ಒಟ್ಟಿಗೆ ಬಂದು ಸಿಕ್ಕಿಕೊಂಡರೂ ಅದೇ ಕೊಕ್ಕೆ ಸವೆದಿರುವ ಅನುಮಾನ. ಹೊಸ ತೋಟಾ ಅರ್ಧ ಏರಿ ಮೂತಿ ತಗುಲಿ ನಿಂತಿದ್ದರೆ ಲಿಫ್ಟರ್ ಅಥವಾ ತೋಟಾದ ಆಕಾರ. ತೋಟಾ ಸರಿಯಾಗಿ ಏರಿದರೂ ಬೋಲ್ಟ್ ಪೂರ್ತಿ ಮುಚ್ಚದಿದ್ದರೆ ಚೇಂಬರ್‌ನ ಕೊಳೆ, ಊದಿಕೊಂಡ ತೋಟಾ, ಇಲ್ಲವೇ ಬೋಲ್ಟನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್. ಇದು ಅನೇಕ ಕೋವಿಗಳಲ್ಲಿ ಹಿಂದಿನ ಮರದ ಹಿಡಿಯೊಳಗೆ ಅಡಗಿರುತ್ತದೆ. ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ, ಮಳೆಗಾಲದ ತೇವ ಮಾತ್ರ ಹೋಗುತ್ತದೆ. ಸಿಪ್ಪೆಯೇ ಹೊರಹೋಗದೆ ಅರ್ಧದಲ್ಲಿ ಸಿಕ್ಕಿಕೊಂಡರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗಿಲ್ಲ, ಅಂದರೆ ಶಕ್ತಿ ಸಾಲಲಿಲ್ಲ. ಸಿಪ್ಪೆಯ ಅಂಚನ್ನು ಹಿಡಿದೆಳೆಯುವ ಕೊಂಡಿಯನ್ನೂ ಒಮ್ಮೆ ನೋಡಬೇಕು, ಅದು ಸವೆದಿದ್ದರೆ ಸಿಪ್ಪೆ ಚೇಂಬರ್‌ನಲ್ಲೇ ಉಳಿಯುತ್ತದೆ.

ಮಾವನದ್ದು ಅರ್ಧದಲ್ಲಿ ಸಿಕ್ಕಿಕೊಳ್ಳುವ ಜಾತಿ. ಎಲ್ಲ ಸಲವೂ ಅಲ್ಲ, ಮೂರರಲ್ಲಿ ಒಂದು ಸಲ. ತಂತ್ರಾಂಶದಲ್ಲಿ ಇಂಥ ಬಗ್‌ಗಳೇ ಅತ್ಯಂತ ತಲೆನೋವು. ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ನಾವು ಗಾಬರಿಯಲ್ಲಿ ನಾಲ್ಕು ಕಡೆ ತಿದ್ದುತ್ತೇವೆ, ಅದು ನಿಲ್ಲುತ್ತದೆ, ಯಾವುದರಿಂದ ನಿಂತಿತು ಎಂದು ಯಾರಿಗೂ ಗೊತ್ತಿಲ್ಲ, ಮುಂದಿನ ತಿಂಗಳು ಮತ್ತೆ ಹಾಜರು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮ ಅಲ್ಲಿಗೂ ಇಲ್ಲಿಗೂ ಒಂದೇ. ಅರ ತರುವ ಪಕ್ಕದ ಮನೆಯವರ ಮೇಲೆ ನನ್ನ ಸಿಟ್ಟಿಗೆ ಕಾರಣವೂ ಅದೇ. ಉಜ್ಜಿದ ಉಕ್ಕನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಮೊದಲು ಡಮ್ಮಿ ತೋಟಾ ಹಾಕಿ ಕೈಯಿಂದ ಓಡಿಸಿ ನೋಡಿ ಎಂದೆ. ಮದ್ದು, ಕೇಪು ಎರಡೂ ಇಲ್ಲದ, ತೂಕ-ಅಳತೆ ಮಾತ್ರ ಸರಿಯಿರುವ ತೋಟಾ ಅದು. ಕೋವಿ ಅಂಗಡಿಯಲ್ಲಿ ಕೇಳಿ ತರಬಹುದು. ನಿಜವಾದ ತೋಟಾ ಹಾಕಿ ಮನೆಯೊಳಗೆ ಬೋಲ್ಟ್ ಎಳೆದಾಡುವುದು ಮಾತ್ರ ಬೇಡವೇ ಬೇಡ. ಡಮ್ಮಿ ಕೈಯಲ್ಲಿ ಸಲೀಸಾಗಿ ಓಡಿದರೆ ಮ್ಯಾಗಜಿನ್, ಕೊಕ್ಕೆ, ಲಿಫ್ಟರ್ ಮೂರೂ ಬಹುಮಟ್ಟಿಗೆ ನಿರಪರಾಧಿಗಳು. ತೊಂದರೆ ಹೊಡೆದಾಗ ಹುಟ್ಟುವ ಶಕ್ತಿಯಲ್ಲಿ, ಅಥವಾ ಅದನ್ನು ತಿಂದುಹಾಕುವ ಕೊಳೆಯಲ್ಲಿ. ಕೈಯಲ್ಲೂ ಸಿಕ್ಕಿಕೊಂಡರೆ ಯಂತ್ರದ ಭಾಗದಲ್ಲೇ ದೋಷ. ಐದು ನಿಮಿಷದ ಈ ಪರೀಕ್ಷೆ ಅರ್ಧ ಅನುಮಾನಗಳನ್ನು ಅಳಿಸಿಹಾಕುತ್ತದೆ. ಮಾವನ ಕೋವಿ ಡಮ್ಮಿಯನ್ನು ಚೆನ್ನಾಗಿಯೇ ಎತ್ತಿತು.

ಹಾಗಾದರೆ ಶಕ್ತಿಯ ಲೆಕ್ಕ. ಅದು ನಳಿಗೆಯೇ ಹಿಂದಕ್ಕೆ ಸರಿದು ಬರುವ ಹಳೆಯ ಮಾದರಿ, ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಬೆಲ್ಜಿಯಂನ ಹೆರ್ಸ್ಟಾಲ್‌ನಲ್ಲಿ ತಯಾರಾಗುತ್ತಿದ್ದ ಆಟೊ-5 ಎಂಬ ಈ ಕೋವಿ 1998ರವರೆಗೂ ಉತ್ಪಾದನೆಯಲ್ಲಿತ್ತು. ಮ್ಯಾಗಜಿನ್‌ನಲ್ಲಿ ನಾಲ್ಕು, ಚೇಂಬರ್‌ನಲ್ಲಿ ಒಂದು, ಒಟ್ಟು ಐದು ಎಂದು ಆ ಹೆಸರು. ಇದರ ಮ್ಯಾಗಜಿನ್ ಕೊಳವೆಯ ಸುತ್ತ ಒಂದು ದೊಡ್ಡ ಸ್ಪ್ರಿಂಗ್, ಒಂದು ಕಂಚಿನ ತುಂಡು, ಒಂದು ಉಕ್ಕಿನ ಉಂಗುರ ಇರುತ್ತವೆ. ಭಾರದ ತೋಟಾ ಹೊಡೆಯುವಾಗ ಉಂಗುರ ಸ್ಪ್ರಿಂಗ್‌ಗೂ ಕಂಚಿನ ತುಂಡಿಗೂ ನಡುವೆ ಇರಬೇಕು. ಆಗ ಅದು ಬ್ರೇಕಿನಂತೆ ಹಿಡಿದು ಹೊಡೆತವನ್ನು ತಗ್ಗಿಸುತ್ತದೆ. ಹಗುರ ತೋಟಾಗೆ ಉಂಗುರವನ್ನು ತೆಗೆದು ಸ್ಪ್ರಿಂಗ್‌ನ ಹಿಂದಿನ ತುದಿಗೆ ಹಾಕಬೇಕು. ಆಗ ಬ್ರೇಕು ಸಡಿಲ. ಬ್ರೇಕು ಬಿಗಿಯಿಟ್ಟು ಹಗುರ ತೋಟಾ ಹೊಡೆದರೆ ನಳಿಗೆ ಪೂರ್ತಿ ಹಿಂದೆ ಬರುವುದಿಲ್ಲ, ಸಿಪ್ಪೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ತಿರುಗಿಸಿ ಮಾಡಿದರೆ, ಅಂದರೆ ಬ್ರೇಕು ಸಡಿಲ ಬಿಟ್ಟು ಭಾರದ ತೋಟಾ ಹೊಡೆದರೆ, ಕೋವಿ ಚೆನ್ನಾಗಿ ಓಡಿದಂತೆ ಕಾಣುತ್ತದೆ, ಆದರೆ ಪೆಟ್ಟು ತಿಂದು ಮುಂದಿನ ಮರದ ಹಿಡಿ ಸೀಳುತ್ತದೆ. ಹಳೆಯ ಆಟೊ-5ಗಳ ಹಿಡಿಯಲ್ಲಿ ಬಿರುಕು ಕಾಣುವುದು ಸಾಮಾನ್ಯ. ಉಂಗುರದ ಗುಟ್ಟು ಗೊತ್ತಿಲ್ಲದವರ ಗುರುತು ಅದು.

ಅಜ್ಜನ ಕಾಲ ಹಂದಿ ಬೇಟೆಯದ್ದು. 1972ರ ವನ್ಯಜೀವಿ ಕಾಯ್ದೆ ಬರುವವರೆಗೂ ಆ ಕೋವಿ ತಿಂದದ್ದೆಲ್ಲ ಭಾರದ ತೋಟಾಗಳೇ. ಅವರು ಬಿಗಿಯಾಗಿಟ್ಟ ಉಂಗುರ ಹಾಗೆಯೇ ಕೂತಿತ್ತು. ಮಾವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆಂದು ತಂದದ್ದು 24 ಗ್ರಾಂ ಚರೆಯ ಹಗುರ ತೋಟಾ. ಒಲಿಂಪಿಕ್ಸ್‌ನ ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳಲ್ಲಿ ಚರೆಯ ಗರಿಷ್ಠ ತೂಕ 24 ಗ್ರಾಂ ಎಂದೇ ನಿಯಮ, ಹಾಗಾಗಿ ಅಂಥವು ಎಲ್ಲೆಡೆ ಸಿಗುತ್ತವೆ. ಆ ಸ್ಪರ್ಧೆಗಳಲ್ಲಿ ಸೆಮಿ-ಆಟೊಮ್ಯಾಟಿಕ್‌ಗೆ ಅನುಮತಿ ಇದ್ದರೂ ದೊಡ್ಡ ಸ್ಪರ್ಧಿಗಳ ಕೈಯಲ್ಲಿ ಕಾಣುವುದು ಮೇಲೊಂದು ಕೆಳಗೊಂದು ನಳಿಗೆಯ, ಮಡಚುವ ಕೋವಿಯೇ. ಅದರಲ್ಲಿ ಎತ್ತುವುದಕ್ಕೂ ಇಲ್ಲ, ಸಿಕ್ಕಿಕೊಳ್ಳುವುದಕ್ಕೂ ಇಲ್ಲ.

ಉಂಗುರ ಬದಲಿಸುವ ಮೊದಲು ಕೊಳೆ ನೋಡಿ ಎಂದೆ. ನಳಿಗೆ ಬಿಚ್ಚಿದಾಗ ಮ್ಯಾಗಜಿನ್ ಕೊಳವೆಯ ಮೇಲೆ ಮೇಣದಂಥ ಬಿಳಿ ಪದರ. ಕೊಬ್ಬರಿ ಎಣ್ಣೆ! ಮನೆಯಲ್ಲಿ ಎಲ್ಲದಕ್ಕೂ ಅದೇ, ತಲೆಗೂ, ಬಾಗಿಲ ಕೀಲಿಗೂ, ಕೋವಿಗೂ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಆಗಸ್ಟ್‌ನ ಕೊಡಗಿನಲ್ಲಿ 24 ಡಿಗ್ರಿ ಎಂದರೆ ಅದೇ ಸೆಕೆ. ಬೇಸಿಗೆಯಲ್ಲಿ ಚೆನ್ನಾಗಿ ಓಡುವ ಕೋವಿ ಕೈಲ್ ಪೊಳ್ದ್‌ಗೆ ಸರಿಯಾಗಿ ಕೈಕೊಡುವುದರಲ್ಲಿ ದೈವದ ಆಟವೇನೂ ಇಲ್ಲ. ಒರೆಸಿ, ಕೋವಿಗೆಂದೇ ಬರುವ ತೆಳು ಎಣ್ಣೆಯನ್ನು ಬಟ್ಟೆಗೆ ತಾಗಿಸಿ ಸವರಿದರು. ಎಣ್ಣೆ ಸುರಿದರೂ ತೊಂದರೆಯೇ, ಬ್ರೇಕಿನ ಹಿಡಿತ ಕೆಡುತ್ತದೆ. ತೋಟದ ಬರೆಗೆ ಎದುರಾಗಿ ನಿಂತು ಹೊಡೆದಾಗ ಸ್ವಲ್ಪ ಸುಧಾರಿಸಿತ್ತು, ಪೂರ್ತಿ ಅಲ್ಲ. ಮರುದಿನ ಉಂಗುರದ ಜಾಗ ಬದಲಿಸಿದರು. ಹನ್ನೆರಡು ತೋಟಾ, ಒಂದೂ ಸಿಕ್ಕಿಕೊಳ್ಳಲಿಲ್ಲ. ಒಟ್ಟು ಖರ್ಚು ಒಂದು ಡಬ್ಬಿ ಎಣ್ಣೆ.

ಎಲ್ಲ ಕೋವಿಗೂ ಈ ಉಂಗುರ ಇರುವುದಿಲ್ಲ. ಗ್ಯಾಸ್‌ನಿಂದ ಓಡುವವುಗಳಲ್ಲಿ ನಳಿಗೆಯ ಸಣ್ಣ ರಂಧ್ರಗಳು ಮಸಿಯಿಂದ ಕಟ್ಟುತ್ತವೆ; 1963ರಲ್ಲಿ ಬಂದ ರೆಮಿಂಗ್ಟನ್ 1100ರಂಥದ್ದರಲ್ಲಿ ಒಂದು ರಬ್ಬರ್ ಉಂಗುರ ಒಣಗಿ ಬಿರಿದರೆ ಸಾಕು, ಗ್ಯಾಸ್ ಸೋರಿ ಕೋವಿ ಒಂದೇ ಗುಂಡಿನದ್ದಾಗುತ್ತದೆ. ಹಿಮ್ಮೆಟ್ಟುವ ಜಡತ್ವದಿಂದಲೇ ಓಡುವ ಇಟಲಿಯ ಮಾದರಿಗಳನ್ನು ಹಿಂದಕ್ಕೆ ಸರಿಯಲಾಗದಂತೆ ಗಟ್ಟಿ ಆಸರೆಗೆ ಒತ್ತಿಹಿಡಿದರೆ ಅವೂ ಮುಷ್ಕರ ಹೂಡುತ್ತವೆ.

ತೋಟಾದ ಉದ್ದದ ವಿಷಯದಲ್ಲಿ ಮಾತ್ರ ಯಾರೂ ಉದಾಸೀನ ಮಾಡಬಾರದು. ಪೆಟ್ಟಿಗೆಯ ಮೇಲೆ ಬರೆದ 70 ಅಥವಾ 76 ಮಿ.ಮೀ. ಎಂಬುದು ಹೊಡೆದ ಮೇಲೆ ಬಾಯಿ ಬಿಚ್ಚಿದ ಸಿಪ್ಪೆಯ ಉದ್ದ. ಮಡಚಿದ ಬಾಯಿಯ ಹೊಸ ತೋಟಾ ಅದಕ್ಕಿಂತ ಗಿಡ್ಡ. ಆದ್ದರಿಂದ 76ರ ತೋಟಾ 70ರ ಚೇಂಬರ್‌ನಲ್ಲಿ, 70ರದ್ದು ಹಳೆಯ ಯುರೋಪಿನ 65ರ ಚೇಂಬರ್‌ನಲ್ಲಿ ಸಲೀಸಾಗಿ ಕೂತುಬಿಡಬಹುದು. ಹೊಡೆದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲಿನ ಮುದ್ರೆ ಓದಲು ಬಾರದಿದ್ದರೆ ಪರವಾನಗಿ ಇರುವ ರಿಪೇರಿಯವರಿಂದ ಅಳೆಸಿಕೊಳ್ಳಿ.

ಇದಕ್ಕಿಂತ ಭಯಂಕರವಾದದ್ದು ಇನ್ನೊಂದಿದೆ. 12 ಬೋರ್, 20 ಬೋರ್ ಎರಡೂ ಇರುವ ಮನೆಗಳಲ್ಲಿ ಒಂದು 20 ಬೋರ್ ತೋಟಾ 12ರ ಕೋವಿಗೆ ಹೋದರೆ ಅದು ಚೇಂಬರ್ ದಾಟಿ ಮುಂದೆ ಜಾರಿ ನಳಿಗೆಯಲ್ಲಿ ಕೂರುತ್ತದೆ. ಟ್ರಿಗರ್ ಎಳೆದರೆ ಏನೂ ಆಗುವುದಿಲ್ಲ. ಬೋಲ್ಟ್ ತೆರೆದರೆ ಚೇಂಬರ್ ಖಾಲಿ. ‘ಇದು ತೋಟಾ ಎತ್ತಲೇ ಇಲ್ಲ’ ಎಂದುಕೊಂಡು ಹಿಂದಿನಿಂದ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ, ಎಡಗೈ ಇರುವ ಜಾಗದಲ್ಲೇ. 20 ಬೋರ್ ತೋಟಾಗಳಿಗೆ ಹಳದಿ ಬಣ್ಣ ಕೊಡುವುದು ಈ ಕಾರಣಕ್ಕೇ. ಎಂದಿನ ಸದ್ದಿಲ್ಲದೆ ‘ಫುಸ್’ ಎಂದು ಹೊಡೆದ ತೋಟಾದ ವಿಷಯವೂ ಹಾಗೇ: ಒಳಗಿನ ಬಿರಡೆ ನಳಿಗೆಯಲ್ಲೇ ಉಳಿದಿರಬಹುದು, ಖಾಲಿ ಮಾಡಿ ನಳಿಗೆಯ ಆಚೆಯಿಂದ ಬೆಳಕು ಕಾಣುವವರೆಗೆ ಮುಂದಿನದು ಬೇಡ. ಟ್ರಿಗರ್ ಎಳೆದರೂ ಸಿಡಿಯದ ತೋಟಾವನ್ನು ಕೂಡಲೇ ತೆಗೆಯಲು ಹೋಗದೆ ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಕೈಲ್ ಪೊಳ್ದ್ ದಿನ ಸುತ್ತ ಮಕ್ಕಳು, ಹಿಂದಿನಿಂದ "ಏನಾಯ್ತು, ಹೊಡಿ ಹೊಡಿ" ಎನ್ನುವವರು. ಅರ್ಧ ನಿಮಿಷ ಎಷ್ಟು ಉದ್ದ ಎಂದು ಆಗ ಗೊತ್ತಾಗುತ್ತದೆ.

ಇದನ್ನೆಲ್ಲ ನಾನು ಎಂ.ಟೆಕ್.ನಲ್ಲಿ ಕಲಿತದ್ದಲ್ಲ. ಅಜ್ಜನ ಜತೆ ಜಗಲಿಯಲ್ಲಿ ಕೂತು ಒರೆಸಿದ್ದರಿಂದ ಬಂದದ್ದು. ಆ ಜಗಲಿ ಪಾಠ ನಮ್ಮ ಪೀಳಿಗೆಯಲ್ಲಿ ನಿಂತುಹೋಗಿದೆ. ಊರಿನಲ್ಲಿ ಉಳಿದವರು ಅರವತ್ತು ದಾಟಿದವರು, ಕಣ್ಣು ಮಂದ, ಬೆರಳು ನಡುಗುತ್ತದೆ. ಆನೆ ಬಂದರೆ ಗಾಳಿಗೆ ಒಂದು ಗುಂಡು ಹಾರಿಸಿ ಓಡಿಸುವವರೂ ಅವರೇ. ಹಕ್ಕು ನಮ್ಮದು, ಜೋಪಾನ ಅವರದ್ದು ಎಂಬ ಹಂಚಿಕೆ ನನಗೆ ನ್ಯಾಯ ಅನ್ನಿಸುವುದಿಲ್ಲ.

ನಾನಿರುವ ಓಝರ್ ವಿಮಾನದ ಊರಾಗಿ ಬೆಳೆದದ್ದು. 1964ರಲ್ಲಿ ಮಿಗ್-21ಗಾಗಿ ಎಚ್‌ಎಎಲ್ ಇಲ್ಲಿ ಕಾರ್ಖಾನೆ ಹಾಕಿತು. ಆ ವಿಮಾನ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿಯಾಯಿತು. ಚಹಾದಂಗಡಿಯಲ್ಲಿ ಕೂತರೆ ಪಕ್ಕದಲ್ಲಿ ನಿವೃತ್ತ ಫಿಟ್ಟರ್‌ಗಳು ಸಿಗುತ್ತಾರೆ. ಅವರ ಮಾತಿನಿಂದ ತಿಳಿದದ್ದು: ವಿಮಾನದಲ್ಲಿ ರಬ್ಬರ್ ಸೀಲನ್ನು ಕೆಟ್ಟ ಮೇಲೆ ಬದಲಿಸುವುದಿಲ್ಲ, ಅದರ ಆಯುಸ್ಸು ಮುಗಿದ ದಿನ ಬದಲಿಸುತ್ತಾರೆ, ಚೆನ್ನಾಗಿಯೇ ಇದ್ದರೂ. ಪ್ರತಿ ಭಾಗಕ್ಕೂ ಒಂದು ದಾಖಲೆ. ಯಾರು ಬಿಚ್ಚಿದರು, ಯಾವ ದಿನ, ಏನು ಹಾಕಿದರು. ಕೋವಿಗೂ ಒಂದು ನೂರು ಪುಟದ ನೋಟ್‌ಬುಕ್ ಸಾಕು: ಎಷ್ಟು ತೋಟಾ ಹೊಡೆದದ್ದು, ಎಂಥದ್ದು, ಎಲ್ಲಿ ಸಿಕ್ಕಿಕೊಂಡಿತು, ಸ್ಪ್ರಿಂಗ್ ಬದಲಿಸಿದ್ದು ಯಾವಾಗ. ಮಾವ ಈಗ ಕಾಫಿ ಕೂಲಿಯ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯುತ್ತಿದ್ದಾರೆ. ಅದೂ ಆದೀತು.

ಬಿಚ್ಚಿ ಒರೆಸುವುದಕ್ಕಿಂತ ಮುಂದಿನ ಕೆಲಸ, ಅಂದರೆ ಕೊಕ್ಕೆ, ಲಿಫ್ಟರ್, ಟ್ರಿಗರ್ ಭಾಗ ಮುಟ್ಟುವುದು, ನಮ್ಮದಲ್ಲ. 1959ರ ಕಾಯ್ದೆಯ 5ನೇ ಕಲಂ ಪ್ರಕಾರ ಕೋವಿ ರಿಪೇರಿಗೂ ಪರವಾನಗಿ ಬೇಕು. ಊರಿನ ಸಮಾಜಗಳು, ಸಂಘಗಳು ಆಗಸ್ಟ್‌ನಲ್ಲಿ ಒಂದು ಭಾನುವಾರ ಇಟ್ಟು, ಪರವಾನಗಿ ಇರುವ ಒಬ್ಬ ರಿಪೇರಿಯವರನ್ನು ಪೊಲೀಸರಿಗೆ ತಿಳಿಸಿಯೇ ಕರೆಸಿ, ಮನೆಮನೆಯ ಕೋವಿ ತಪಾಸಣೆ ಮಾಡಿಸಲಿ. ಅದರ ಖರ್ಚನ್ನು ಹೊರನಾಡಿನಲ್ಲಿರುವ ನಾವು ಹಾಕಿಕೊಳ್ಳೋಣ. ರಜೆ ಹಾಕಿ ಹೋಗುವವರು ಒಂದು ದಿನ ಮುಂಚೆ ಹೋಗಿ, ಕನ್ನಿ ಕೋಂಬರೆಯಿಂದ ಕೋವಿ ಹೊರಬರುವ ಮೊದಲೇ ತೋಟಾ ಪೆಟ್ಟಿಗೆಗಳನ್ನು ಬೇರೆ ಮಾಡಿಡಲಿ: ಇದು 12, ಇದು 20, ಇದು ತೇವ ತಿಂದು ಊದಿದ್ದು. ಊದಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಅಂಗಡಿಗೋ ಠಾಣೆಗೋ ಒಪ್ಪಿಸಲಿ.

2019ರ ತಿದ್ದುಪಡಿ ಬಂದ ಮೇಲೆ ಸಂಭ್ರಮಕ್ಕೆಂದು ಹಾರಿಸಿದ ಗುಂಡಿನಿಂದ ಇತರರ ಜೀವಕ್ಕೆ ಅಪಾಯವಾಗುವಂತಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. 2029ರಲ್ಲಿ ವಿನಾಯಿತಿಯ ವಿರುದ್ಧ ವಾದಿಸುವವರಿಗೆ ಬೇಕಾಗಿರುವುದು ಅಂಥ ಒಂದೇ ಒಂದು ಪ್ರಕರಣ. ಇಷ್ಟು ವರ್ಷ ನಮ್ಮ ಪರವಾಗಿ ನಿಂತದ್ದು ಕೊಡಗಿನ ಕೋವಿಗಳಿಂದ ಅಪರಾಧ ನಡೆದಿಲ್ಲ ಎಂಬ ಮಾತು. ಅಜಾಗರೂಕತೆಗೂ ಅಪರಾಧಕ್ಕೂ ವ್ಯತ್ಯಾಸವಿದೆ ಎಂದು ಆಗ ವಿವರಿಸುತ್ತಾ ಕೂರುವ ಸ್ಥಿತಿ ಬರಬಾರದು.

ಇಷ್ಟೆಲ್ಲ ಯಾರಿಗೆ ಬೇಕು, ಹಳೆಯ ಸೆಮಿ-ಆಟೊ ಮಾರಿ ಜೋಡಿ ನಳಿಗೆ ಇಟ್ಟುಕೊಳ್ಳಿ ಎನ್ನುವವರೂ ನಮ್ಮ ಗುಂಪಿನಲ್ಲಿದ್ದಾರೆ. ನೋಡಿಕೊಳ್ಳುವವರಿಲ್ಲದ ಮನೆಗೆ ಅದು ಒಳ್ಳೆಯ ಸಲಹೆಯೇ, ನಾನೂ ಒಪ್ಪುತ್ತೇನೆ. ಆದರೆ ಕಾನೂನಿನಂತೆ ಮಾರುವುದಕ್ಕೂ ಮೊದಲು ಅದನ್ನು ಅಂಗಡಿಯವರೆಗೆ ಒಯ್ಯಬೇಕಲ್ಲ. ಜೀಪಿನ ಹಿಂದಿನ ಸೀಟಿನಲ್ಲಿ ಇಡುವ ಮುಂಚೆ ಅಡಿಯ ಕೊಳವೆಗೆ ಬೆರಳು ಹಾಕಿ ನೋಡಲು ಗೊತ್ತಿರುವವರು ಆ ಮನೆಯಲ್ಲಿ ಒಬ್ಬರಾದರೂ ಇದ್ದಾರೆಯೇ ಎಂದು ಈ ಸಲ ಫೋನು ಮಾಡಿದಾಗ ಕೇಳಿ.